ನಿಂತ ಬೆಳೆಯಲ್ಲೇ ಬೀಜದ ಆಯ್ಕೆ: ಹಿಂಗಾರಿ ಜೋಳದಲ್ಲಿ ನನ್ನ ಅನುಭವ

ವಿಜಯಪುರ ಜಿಲ್ಲೆಯ ಡೋಣಿ ನದಿ ಸಾಲಿನ ಎರೆಭೂಮಿಯಲ್ಲಿ ಹಿಂಗಾರಿ ಜೋಳ ಬೆಳೆಯುವ ನಾನು ಬಿತ್ತನೆ ಬೀಜವನ್ನು ರಾಶಿಯಿಂದ ತೆಗೆದಿಡುವುದಿಲ್ಲ. ಬೆಳೆ ನಿಂತಿರುವಾಗಲೇ ಹೊಲದಲ್ಲಿ ಅಡ್ಡಾಡಿ, ಗಿಡ ನೋಡಿ ಆರಿಸುತ್ತೇನೆ. ಕಣಕ್ಕೆ ಬಂದ ಮೇಲೆ ತೆನೆಯ ಗಾತ್ರವೊಂದೇ ಕಣ್ಣಿಗೆ ಬೀಳುತ್ತದೆ. ಅದನ್ನು ಹೊತ್ತ ದಂಟು ಗಟ್ಟಿಯಿತ್ತೇ, ನೆಲಕ್ಕೆ ಒರಗಿತ್ತೇ, ದನದ ಮೇವಿಗೆ ಕಣಿಕಿ ಎಷ್ಟು ಬಂದಿತ್ತು ಎಂಬುದು ಅಲ್ಲಿ ತಿಳಿಯದು.

ನಾನು ಬಿತ್ತುವುದು ಮಾಲದಂಡಿ, ಅಂದರೆ ಎಂ 35-1. ಸೊಲ್ಲಾಪುರ ಜಿಲ್ಲೆಯ ಮೊಹೋಳದಲ್ಲಿ 1930ರ ದಶಕದಲ್ಲಿ ಈ ತಳಿಯನ್ನು ತೆಗೆದದ್ದೂ ಸ್ಥಳೀಯ ಮಾಲದಂಡಿಯಲ್ಲಿ ಹೀಗೆಯೇ ಆರಿಸಿ. ಜೋಳ ಬಹುಪಾಲು ತನ್ನದೇ ಪರಾಗದಿಂದ ಕಾಳು ಕಟ್ಟುತ್ತದೆಯಾದರೂ ಸಾಮಾನ್ಯವಾಗಿ ನೂರಕ್ಕೆ 5ರಿಂದ 15 ಕಾಳುಗಳಿಗೆ ಬೇರೆ ಗಿಡದ ಪರಾಗ ಗಾಳಿಯಲ್ಲಿ ಬಂದು ಸೇರುವುದರಿಂದ, ಬದುವಿನ ಕಡೆಯ ಸಾಲುಗಳನ್ನು ನಾನು ಬೀಜಕ್ಕೆ ಮುಟ್ಟುವುದೇ ಇಲ್ಲ.

ಹೊಲವನ್ನು ಮನಸ್ಸಿನಲ್ಲೇ ತುಂಡುತುಂಡಾಗಿ ಹಂಚಿಕೊಂಡು, ಪ್ರತಿ ತುಂಡಿನಲ್ಲೂ ಅಕ್ಕಪಕ್ಕದ ಗಿಡಗಳಿಗಿಂತ ಮೇಲಾದುದಕ್ಕೆ ಮಾತ್ರ ಬಟ್ಟೆಯ ಚಿಂದಿ ಕಟ್ಟುತ್ತೇನೆ. ನನ್ನ ಮಟ್ಟಿಗೆ ಇಡೀ ಕೆಲಸದ ಜೀವಾಳ ಇದೇ. ತಿಪ್ಪೆಗೊಬ್ಬರ ಹೆಚ್ಚು ಬಿದ್ದಲ್ಲಿ, ತಗ್ಗಿನಲ್ಲಿ ಹಸಿ ಉಳಿದಲ್ಲಿ, ಪಕ್ಕದ ಸಸಿ ಸುಳಿ ನೊಣಕ್ಕೆ ಸತ್ತು ಜಾಗ ಖಾಲಿಯಾದಲ್ಲಿ ಎಂಥ ಗಿಡವೂ ದೊಡ್ಡ ತೆನೆ ಹಾಕುತ್ತದೆ. ಆ ದೊಡ್ಡತನ ನೆಲದ್ದೇ ಹೊರತು ಬೀಜದ್ದಲ್ಲ, ಅದು ಮುಂದಿನ ಪೀಳಿಗೆಗೆ ಇಳಿಯುವುದಿಲ್ಲ.

ಕೊಯ್ಲಿನ ದಿನ ಚಿಂದಿ ಕಟ್ಟಿದ ಗಿಡಗಳ ಬುಡವನ್ನು ಕುಡಗೋಲಿನಿಂದ ಸೀಳಿ ನೋಡುತ್ತೇನೆ. ಒಳಗಿನ ಬೆಂಡು ಗಟ್ಟಿಯಾಗಿದ್ದರೆ ಆ ತೆನೆ ಬೀಜಕ್ಕೆ. ಬೆಂಡು ಕರಗಿ, ಉಳಿದ ನಾರಿನ ಮೇಲೆ ಇದ್ದಿಲ ಪುಡಿ ಉದುರಿಸಿದಂತೆ ಸಣ್ಣ ಕರಿ ಚುಕ್ಕೆಗಳು ಕಂಡರೆ ಅದು ಇದ್ದಿಲು ಕೊಳೆ ರೋಗ. ಹೂ ಬಿಟ್ಟ ಮೇಲೆ ನೆಲದ ಹಸಿ ಆರಿದಾಗ ಬಲಿಯುವ ಈ ರೋಗ ಹಿಂಗಾರಿ ಜೋಳವನ್ನು ಮಲಗಿಸಿಬಿಡುತ್ತದೆ. ತೆನೆ ಎಷ್ಟೇ ತುಂಬಿರಲಿ, ಅಂಥದ್ದು ರಾಶಿಗೆ ಹೋಗುತ್ತದೆ.

ಆರಿಸಿದ ತೆನೆಗಳನ್ನು ಒಟ್ಟುಗೂಡಿಸದೆ ಬೇರೆಬೇರೆಯಾಗಿ ಒಣಗಿಸಿಟ್ಟು, ಮರುವರ್ಷ ಒಂದು ತೆನೆಗೆ ಒಂದು ಸಾಲಿನಂತೆ ಬಿತ್ತುತ್ತೇನೆ. ತಾಯಿಗಿಡದ ಗುಣ ನಿಜವಾಗಿಯೂ ಇಳಿದಿದೆಯೇ ಎಂಬುದನ್ನು ಆ ಸಾಲೇ ಹೇಳುತ್ತದೆ. ಒಳ್ಳೆಯ ಸಾಲುಗಳ ಕಾಳಿನಲ್ಲಿ ಒಂದಿಷ್ಟನ್ನು ಬೀಸಿಸಿ ಅವ್ವನ ಕೈಗೆ ಕೊಡುತ್ತೇನೆ. “ಈ ಹಿಟ್ಟಿಗೆ ಜಿಗಿ ಇಲ್ಲಪಾ, ರೊಟ್ಟಿ ಬಡಿಯೂದರಾಗ ಅಂಚು ಒಡೀತದ” ಎಂದು ಅವಳು ಹೇಳಿದ ಸಾಲನ್ನು, ಇಳುವರಿ ಚೆನ್ನಾಗಿದ್ದರೂ, ಕೈಬಿಡುತ್ತೇನೆ. ಉಣ್ಣುವ ಜೋಳಕ್ಕೆ ಅದಕ್ಕಿಂತ ದೊಡ್ಡ ಪರೀಕ್ಷೆಯಿಲ್ಲವೆಂಬುದು ನನ್ನ ನಂಬಿಕೆ. ಉಳಿದ ಸಾಲುಗಳ ಬೀಜವನ್ನು ಕೂಡಿಸಿ ಹೊಲದ ನಟ್ಟನಡುವಿನ ಪಟ್ಟಿಯಲ್ಲಿ ಬಿತ್ತಿ, ಮುಂದಿನ ಆಯ್ಕೆಯನ್ನು ಅಲ್ಲಿಂದಲೇ ಮಾಡುತ್ತೇನೆ.