ನಿನ್ನೆ ಇರದ ಹಕ್ಕಿ ಇವತ್ತು ಪೊದೆಯಲ್ಲಿ

ವಲಸೆ ಹಕ್ಕಿ ನೋಡಬೇಕೆಂದರೆ ದೂರದ ಪಕ್ಷಿಧಾಮಕ್ಕೇ ಹೋಗಬೇಕು ಎಂದು ತುಂಬಾ ಜನ ಅಂದುಕೊಂಡಿದ್ದಾರೆ. ಊರ ಅಂಚಿನ ಬಡಾವಣೆಯಲ್ಲಿ ಒಂದು ಖಾಲಿ ಸೈಟು, ಮಳೆನೀರಿನ ಕಾಲುವೆ, ಹಳೆಯ ಸ್ಮಶಾನ ಇದ್ದರೂ ಸಾಕು. ಉತ್ತರ ಗೋಳಾರ್ಧದಲ್ಲಿ ಆಗಸ್ಟ್‌ನಿಂದ ನವೆಂಬರ್‌ವರೆಗೆ ಹಕ್ಕಿಗಳು ದಕ್ಷಿಣಕ್ಕೆ ಹೊರಟಿರುತ್ತವೆ. ಆ ವರ್ಷದ ಮರಿಗಳೂ ಜೊತೆಗಿರುವುದರಿಂದ ಅವು ವಾಪಸಾಗುವ ವಸಂತಕ್ಕಿಂತ ಈ ತಿಂಗಳುಗಳಲ್ಲಿ ಸಂಖ್ಯೆ ಜಾಸ್ತಿ. ದಾರಿಯಲ್ಲಿ ಅವು ಎಲ್ಲೋ ಇಳಿದು ಹೊಟ್ಟೆ ತುಂಬಿಸಿಕೊಳ್ಳಬೇಕಲ್ವಾ?

ಜಾಗ ಗೊತ್ತು ಮಾಡಿಕೊಳ್ಳಿ

ಹಕ್ಕಿ ನೋಡುವವರು ಇದನ್ನು 'ಪ್ಯಾಚ್' ಎನ್ನುತ್ತಾರೆ. ನಡೆದು ಹೋಗುವಷ್ಟು ಹತ್ತಿರವಿರಲಿ. ಗಾಡಿ ತೆಗೆಯಬೇಕು ಎಂದಾದರೆ ಎರಡನೇ ವಾರಕ್ಕೇ ಹೋಗುವುದು ನಿಲ್ಲುತ್ತದೆ. ಒಂದು ಗಂಟೆಯಲ್ಲಿ ಸುತ್ತಿ ಬರುವಂತಿರಲಿ. ಸ್ವಲ್ಪ ನೀರು, ಸ್ವಲ್ಪ ಪೊದೆ, ಸ್ವಲ್ಪ ಬಯಲು ಇದ್ದರೆ ಒಳ್ಳೆಯದು. ಗುಡಿಸಿ ಕತ್ತರಿಸಿ ಓರಣವಾಗಿಟ್ಟ ಪಾರ್ಕು ನಮಗೆ ಚೆಂದ. ಆದರೆ ಹಕ್ಕಿಗೆ ಅಲ್ಲಿ ಹುಳ ಸಿಗುವುದು ಕಷ್ಟ. ಯಾರೂ ತಿರುಗಿ ನೋಡದ ಕಳೆ ಬೆಳೆದ ಮೂಲೆಯನ್ನೇ ಆರಿಸಿಕೊಳ್ಳಿ.

ಊರಿನವರನ್ನು ಮೊದಲು ಕಲಿಯಿರಿ

ಇದು ಬೇಸರದ ಕೆಲಸ. ಆದರೆ ಇದಿಲ್ಲದೆ ಉಳಿದದ್ದೇನೂ ನಡೆಯುವುದಿಲ್ಲ. ವಲಸೆ ಜೋರಾಗುವ ಮೊದಲೇ ಅಲ್ಲಿನ ಖಾಯಂ ಹಕ್ಕಿಗಳ ಪರಿಚಯ ಮಾಡಿಕೊಳ್ಳಿ. ಕಾಗೆ, ಗುಬ್ಬಿ, ಪಾರಿವಾಳ ಎಂದು ತಾತ್ಸಾರ ಬೇಡ. ಯಾವುದು ಯಾವ ಕೊಂಬೆಯ ಮೇಲೆ ಕೂರುತ್ತದೆ, ಹೆದರಿದಾಗ ಹೇಗೆ ಕೂಗುತ್ತದೆ ಎಂದು ಗಮನಿಸಿ. ಅದೇ ದಾರಿಯಲ್ಲಿ ಇಪ್ಪತ್ತು ಸಲ ನಡೆದ ಮೇಲೆ ಒಂದು ಬೆಳಿಗ್ಗೆ ಪೊದೆಯಿಂದ ಗೊತ್ತಿಲ್ಲದ ಒಂದು 'ಟಿಕ್' ಕೇಳಿಸುತ್ತದೆ. ಹೆಸರು ಆಮೇಲೆ ಹುಡುಕಿದರಾಯಿತು. ಇದು ಇಲ್ಲಿಯದಲ್ಲ ಎನ್ನುವುದಂತೂ ಆಗಲೇ ತಿಳಿದಿರುತ್ತದೆ.

ಬೈನಾಕ್ಯುಲರ್ 8×42 ಇದ್ದರೆ ಸಾಕು. 8 ಎಂದರೆ ಎಷ್ಟು ಪಟ್ಟು ಹತ್ತಿರ ಕಾಣುತ್ತದೆ ಎಂಬುದು, 42 ಎಂದರೆ ಮುಂದಿನ ಗಾಜಿನ ಅಗಲ, ಮಿಲಿಮೀಟರ್ ಲೆಕ್ಕದಲ್ಲಿ. ಪಟ್ಟು ಹೆಚ್ಚಿದಷ್ಟೂ ಕೈ ನಡುಕವೂ ದೊಡ್ಡದಾಗಿ ಕಾಣುತ್ತದೆ. ನಾನು ಆಸೆಪಟ್ಟು 12 ಪಟ್ಟಿನದು ಕೊಂಡು, ಒಂದು ಋತುವಿಡೀ ಅಲುಗಾಡುವ ಎಲೆಗಳನ್ನೇ ನೋಡಿದೆ. ಹಕ್ಕಿ ಕಂಡಾಗ ಕಣ್ಣು ಕೀಳದೆ, ಬೈನಾಕ್ಯುಲರನ್ನೇ ಕಣ್ಣಿನ ಹತ್ತಿರ ತನ್ನಿ.

ಯಾವಾಗ ಹೋಗಬೇಕು?

ಸಣ್ಣ ಹಾಡುಹಕ್ಕಿಗಳಲ್ಲಿ ಹೆಚ್ಚಿನವು ರಾತ್ರಿ ಹಾರುತ್ತವೆ. ಬೆಳಗಾಗುವ ಹೊತ್ತಿಗೆ ಹಸಿದು ಇಳಿದಿರುತ್ತವೆ. ಹಾಗಾಗಿ ಸೂರ್ಯ ಹುಟ್ಟಿದ ಮೊದಲ ಎರಡು ಮೂರು ಗಂಟೆ ಬಿಡಬೇಡಿ. ಮೊದಲ ಬಿಸಿಲು ಬೀಳುವ ಬದಿಯ ಪೊದೆಯಲ್ಲಿ ಹುಳಗಳು ಬೇಗ ಎದ್ದಿರುತ್ತವೆ, ಹಕ್ಕಿಗಳೂ ಅಲ್ಲೇ. ಬಿಸಿಲೇರಿದ ಮೇಲೆ ತಲೆ ಎತ್ತಿ ನೋಡಿ. ಮೇಲೇಳುವ ಬಿಸಿಗಾಳಿ ಹಿಡಿದು ಹದ್ದುಗಳು ಸಾಗುವುದು ಆಗಲೇ. ಕವಲುತೋಕೆಗಳೂ ಹಗಲಿನ ಪ್ರಯಾಣಿಕರು, ಹಾರುತ್ತಲೇ ಹುಳ ಹಿಡಿಯುತ್ತವೆ.

ಹವಾಮಾನದ ಲೆಕ್ಕ ಸುಲಭ. ಉತ್ತರದಿಂದ ಗಾಳಿ ಬೀಸುವ ತಿಳಿ ರಾತ್ರಿಯಲ್ಲಿ ಹಕ್ಕಿಗಳು ಹೊರಡುತ್ತವೆ. ಬೆಳಗಿನ ಜಾವ ಮಳೆಯೋ ಮಂಜೋ ಅಡ್ಡ ಬಂದರೆ ಸಿಕ್ಕಲ್ಲಿ ಇಳಿಯುತ್ತವೆ. ಅಂಥ ದಿನ ಕೆಲಸಕ್ಕೆ ಅರ್ಧ ಗಂಟೆ ತಡವಾದರೂ ಪರವಾಗಿಲ್ಲ ಎನ್ನುವುದು ನನ್ನ ಅಭಿಪ್ರಾಯ.

ಗುರುತಿಸುವುದು

ಈ ಕಾಲದಲ್ಲಿ ಹಕ್ಕಿಗಳು ಬೇಕೆಂದೇ ಸತಾಯಿಸುತ್ತವೇನೋ ಅನಿಸುತ್ತದೆ. ಬಣ್ಣ ಮಾಸಿರುತ್ತದೆ. ಮರಿಗಳ ಗರಿ ಬೇರೆ. ಎಷ್ಟೋ ಜಾತಿಯ ಗಂಡು ಬಾತುಗಳು ಹೆಣ್ಣಿನಂತೆ ಕಾಣುತ್ತವೆ. ಹಾಡೂ ಇಲ್ಲ, ಸುಮ್ನೆ ಒಂದು ಚುಟುಕು ಕೂಗು. ಆದ್ದರಿಂದ ಬಣ್ಣ ಬಿಟ್ಟು ನಡವಳಿಕೆ ನೋಡಿ. ಹಾರಿ ಹುಳ ಹಿಡಿದು ಮತ್ತೆ ಅದೇ ಕೊಂಬೆಗೆ ಬಂದರೆ ನೊಣಹಿಡುಕ ಇರಬಹುದು. ಕಾಲುವೆ ಅಂಚಿನಲ್ಲಿ ಉದ್ದ ಬಾಲ ಕುಣಿಸುತ್ತಾ ಓಡಿದರೆ ಸಿಪಿಲೆ. ಎಲೆಯಿಂದ ಎಲೆಗೆ ಒಂದು ಕ್ಷಣವೂ ನಿಲ್ಲದೆ ಹರಿದಾಡಿದರೆ ಎಲೆ ಉಲಿಯಕ್ಕಿ. ಅದರ ಜಾತಿ ಹೇಳಲು ಅವಸರ ಬೇಡ. ಪಳಗಿದವರೂ ಅಲ್ಲಿ ಗೊಂದಲಕ್ಕೆ ಬೀಳುತ್ತಾರೆ.

ಊರಿನ ಹಕ್ಕಿಗಳ ಗುಂಪು ಗಲಾಟೆ ಮಾಡುತ್ತಾ ಸಾಗುವಾಗ ಒಂದೊಂದನ್ನೂ ನೋಡಿ. ಹೊಸಬರು ಅದರೊಳಗೇ ಸೇರಿಕೊಂಡಿರುತ್ತಾರೆ. ಮರ್ಲಿನ್ ಆ್ಯಪ್ ಕೂಗು ಕೇಳಿ ಹೆಸರು ಹೇಳುತ್ತದೆ. ಅದನ್ನು ಸುಳಿವು ಎಂದಷ್ಟೇ ತಿಳಿಯಿರಿ. ಕಣ್ಣಿಗೆ ಬಿದ್ದ ಮೇಲೆ ಪಟ್ಟಿಗೆ ಸೇರಿಸಿ.

ಹಕ್ಕಿಯನ್ನು ಕರೆಯಲು ಫೋನಿನಲ್ಲಿ ಕೂಗು ಹಾಕಬೇಡಿ, ಬೆನ್ನಟ್ಟಲೂ ಬೇಡಿ. ಸುಮಾರು 12 ಗ್ರಾಂ ತೂಗುವ ಬ್ಲ್ಯಾಕ್‌ಪೋಲ್ ವಾರ್ಬ್ಲರ್ ಎಂಬ ಪುಟ್ಟ ಹಕ್ಕಿ ಉತ್ತರ ಅಮೆರಿಕದ ಪೂರ್ವ ತೀರದಿಂದ ಹೊರಟು 2–3 ದಿನ ಎಲ್ಲೂ ಇಳಿಯದೆ ಅಟ್ಲಾಂಟಿಕ್ ಮೇಲೆ ಹಾರುತ್ತದೆ. ಆ ಶಕ್ತಿಯೆಲ್ಲ ಮೊದಲೇ ತಿಂದು ಕೂಡಿಟ್ಟ ಕೊಬ್ಬಿನದು. ನಿಮ್ಮ ಪೊದೆಯಲ್ಲಿರುವ ಹಕ್ಕಿಯೂ ಮುಂದಿನ ಹಾರಾಟಕ್ಕೆ ತಿನ್ನುತ್ತಿರಬಹುದು.

ಬರೆದಿಡುವುದು

ದಿನಾಂಕ, ಹೊತ್ತು, ಗಾಳಿ, ಯಾವ ಹಕ್ಕಿ ಎಷ್ಟು. ಇಷ್ಟು ಸಾಕು. ಹಕ್ಕಿ ನೋಡುವವರು ತಮ್ಮ ಪಟ್ಟಿ ಹಾಕಲೆಂದೇ 2002ರಲ್ಲಿ ಶುರುವಾದ ಇಬರ್ಡ್ (eBird) ಜಾಲತಾಣಕ್ಕೆ ಹಾಕಿದರೆ ಸಂಶೋಧಕರಿಗೂ ಉಪಯೋಗ. ಹೊಸದೇನೂ ಕಾಣದ ದಿನದ ಪಟ್ಟಿಯನ್ನೂ ಹಾಕಿ. ಹಕ್ಕಿ ಬಂದ ಮೊದಲ ದಿನ ಯಾರಿಗೂ ನೆನಪಿರುತ್ತದೆ. ಹೋದ ದಿನ ಹಾಗಲ್ಲ. ಅದೇ ಕೊನೆ ಎಂದು ಅವತ್ತು ಗೊತ್ತೇ ಆಗುವುದಿಲ್ಲ. ಹಾಗಾಗಿ ಅದೇ ಸಿಪಿಲೆ ಮೂರನೇ ವಾರವೂ ಅದೇ ಕಾಲುವೆ ಅಂಚಿನಲ್ಲಿ ಕಂಡರೂ ಬರೆದುಕೊಳ್ಳಿ.