ಬೀಗ ಹಾಕಿದೆನೋ ಇಲ್ಲವೋ: ಗೀಳು ಕಾಯಿಲೆಗೆ ಚಿಕಿತ್ಸೆ ಹೇಗೆ?

ಬೀಗ ಜಗ್ಗಿ ನೋಡಿ ಬಸ್ ನಿಲ್ದಾಣದವರೆಗೆ ಹೋದವರು ಮತ್ತೆ ಮನೆಗೆ ಬರುತ್ತಾರೆ. ಬೀಗ ಹಾಕಿಯೇ ಇರುತ್ತದೆ. ಇನ್ನೆರಡು ಸಲ ಜಗ್ಗಿ, ಮೊಬೈಲ್‌ನಲ್ಲಿ ಅದರ ಫೋಟೊ ತೆಗೆದುಕೊಳ್ಳುತ್ತಾರೆ. ಬಸ್ಸಿನಲ್ಲಿ ಕುಳಿತು ಫೋಟೊ ನೋಡಿದರೆ ಹೊಸ ಅನುಮಾನ: ಇದು ಇವತ್ತಿನದೋ, ನಿನ್ನೆಯದೋ? ಇದು ಮರೆವಲ್ಲ. ಬೀಗ ಹಾಕಿದ್ದು ನೆನಪಿದೆ, ಆ ನೆನಪಿನ ಮೇಲೆ ನಂಬಿಕೆ ಇಲ್ಲ.

ಗೀಳು ಕಾಯಿಲೆ, ಅಂದರೆ ಒಸಿಡಿಯಲ್ಲಿ ಬೇಡವೆಂದರೂ ಯೋಚನೆ ನುಗ್ಗುತ್ತದೆ. ಅದರ ತಳಮಳ ಇಳಿಸಿಕೊಳ್ಳಲು ತೊಳೆಯುವುದು, ಎಣಿಸುವುದು, ಪರೀಕ್ಷಿಸುವುದು ಶುರುವಾಗುತ್ತದೆ. ದೇವರ ಮುಂದೆ ಕೆಟ್ಟ ಮಾತು ಮನಸ್ಸಿಗೆ ಬಂತೆಂದು ಒಳಗೊಳಗೇ ನೂರೆಂಟು ಸಲ ಸ್ತೋತ್ರ ಹೇಳಿಕೊಳ್ಳುವವರೂ ಇದ್ದಾರೆ. ಹಾಗೆಂದು ಮಡಿ ಮಾಡುವ ಅಜ್ಜಿಯರಿಗೆಲ್ಲ ಈ ಹೆಸರು ಅಂಟಿಸಬೇಡಿ. ಅಜ್ಜಿಯ ಮಡಿ ಸ್ನಾನಕ್ಕೆ ಮುಗಿಯುತ್ತದೆ, ಗೀಳು ಹತ್ತಿದವರ ಸ್ನಾನ ಮುಗಿಯುವುದೇ ಇಲ್ಲ. ದಿನಕ್ಕೆ ಒಂದು ಗಂಟೆಗೂ ಹೆಚ್ಚು ಹೊತ್ತು ಇದರಲ್ಲೇ ಹೋಗುತ್ತಿದ್ದರೆ, ಇಲ್ಲವೇ ಕೆಲಸ, ಸಂಸಾರ ಕೆಡುತ್ತಿದ್ದರೆ ವೈದ್ಯರಿಗೆ ತೋರಿಸಿ.

ಮೊದಲ ಹೆಜ್ಜೆ ಮನೋವೈದ್ಯರ ಬಳಿಗೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ ಕ್ಲಿನಿಕ್ ಇದೆ. ಎಲ್ಲಿಗೆ ಹೋಗಬೇಕೆಂದು ತಿಳಿಯದಿದ್ದರೆ 14416ಕ್ಕೆ ಕರೆ ಮಾಡಿ. ಸರ್ಕಾರದ ಟೆಲಿ ಮನಸ್ ಸಹಾಯವಾಣಿಯಲ್ಲಿ ಕನ್ನಡದಲ್ಲೇ ಮಾತನಾಡಬಹುದು. ಫ್ಲುಆಕ್ಸೆಟಿನ್, ಸರ್ಟ್ರಾಲಿನ್‌ನಂಥ ಮಾತ್ರೆಗಳನ್ನು ಗೀಳಿಗೆ ಸಾಮಾನ್ಯವಾಗಿ ಖಿನ್ನತೆಗೆ ಕೊಡುವುದಕ್ಕಿಂತ ಹೆಚ್ಚಿನ ಪ್ರಮಾಣದಲ್ಲಿ ಕೊಡುತ್ತಾರೆ. ಗುಣ ತಿಳಿಯಲು 8ರಿಂದ 12 ವಾರ ಬೇಕು. ಮೂರನೇ ವಾರಕ್ಕೇ ‘ಏನೂ ಆಗಲಿಲ್ಲ’ ಎಂದು ನಿಲ್ಲಿಸಿಬಿಡುವುದು ಎಲ್ಲರೂ ಮಾಡುವ ತಪ್ಪು.

ಮಾತ್ರೆಯಷ್ಟೇ ಮುಖ್ಯವಾದದ್ದು ಅಭ್ಯಾಸ: ಭಯವನ್ನು ಬೇಕೆಂದೇ ಎದುರಿಸಿ, ತೊಳೆಯುವ, ಜಗ್ಗಿ ನೋಡುವಂಥ ರೂಢಿಯ ಕ್ರಿಯೆಯನ್ನು ಮಾಡದೆ ಇರುವುದು. 1966ರಲ್ಲಿ ವಿಕ್ಟರ್ ಮೇಯರ್ ಎಂಬ ಮನಶ್ಶಾಸ್ತ್ರಜ್ಞರು ಇಬ್ಬರು ರೋಗಿಗಳಿಗೆ ಇದನ್ನು ಮಾಡಿಸಿ ವರದಿ ಬರೆದಾಗಿನಿಂದ ಈ ದಾರಿ ಬೆಳೆದಿದೆ. ಚಿಕಿತ್ಸಕರೊಡನೆ ಕುಳಿತು ಒಂದು ಪಟ್ಟಿ ಮಾಡಿ, ಪ್ರತಿ ಭಯಕ್ಕೂ 0ರಿಂದ 100ರೊಳಗೆ ಅಂಕ ಕೊಡಿ. ಫೋಟೊ ತೆಗೆಯದೆ ಹೊರಡುವುದಕ್ಕೆ 30 ಇರಬಹುದು, ಒಂದೇ ಸಲ ಜಗ್ಗಿ ಹೊರಡುವುದಕ್ಕೆ 50, ಜಗ್ಗದೆಯೇ ಊರಿಗೆ ಹೋಗುವುದಕ್ಕೆ 90. ಆರಂಭ 30ರಿಂದ. ಫೋಟೊ ಇಲ್ಲದೆ ಬಸ್ ಹತ್ತುತ್ತೀರಿ. ಎದೆ ಹೊಡೆದುಕೊಳ್ಳುತ್ತದೆ, ಕೈ ಬೆವರುತ್ತದೆ, ಇಳಿದು ಓಡೋಣ ಎನಿಸುತ್ತದೆ. ಇಳಿಯಬೇಡಿ. ‘ಏನೂ ಆಗಿರುವುದಿಲ್ಲ’ ಎಂದು ಸಮಾಧಾನವನ್ನೂ ಹೇಳಿಕೊಳ್ಳಬೇಡಿ, ಅದೂ ಒಂದು ಬಗೆಯ ಜಗ್ಗುವಿಕೆಯೇ. ‘ಬೀಗ ತೆರೆದಿರಲೂಬಹುದು’ ಎಂದುಕೊಂಡು ಸುಮ್ಮನೆ ಕುಳಿತಿರಿ. ಕ್ರಿಯೆ ಮಾಡದಿದ್ದರೂ ತಳಮಳ ತಾನಾಗಿ ಇಳಿಯುವುದನ್ನು ದಿನದಿನ ಕಂಡ ಮೇಲೆ 50ಕ್ಕೆ ಹೋಗಿ.

ಮನೆಯವರು ಎಡವುವುದು ಪ್ರೀತಿಯಿಂದಲೇ. ‘ಬೀಗ ಹಾಕಿದ್ದೆನಲ್ಲವೇ?’ ಎಂದು ಕಚೇರಿಯಿಂದ ಗಂಡ ಹತ್ತು ಸಲ ಫೋನ್ ಮಾಡಿದರೆ ಹೆಂಡತಿ ಹತ್ತು ಸಲವೂ ‘ಹಾಕಿದ್ದೀರಿ’ ಎನ್ನುತ್ತಾಳೆ. ಗೀಳಿಗೆ ಆ ಉತ್ತರವೇ ಮೇವು. ಬೈದು ಫೋನ್ ಇಟ್ಟರೂ ಪ್ರಯೋಜನವಿಲ್ಲ. ಏನು ಉತ್ತರಿಸಬೇಕೆಂದು ಇಬ್ಬರೂ ಚಿಕಿತ್ಸಕರ ಎದುರು ಮೊದಲೇ ಮಾತಾಡಿಕೊಂಡಿರಬೇಕು. ಮುಂದಿನ ಸಲ ಫೋನ್ ಬಂದಾಗ ಆಕೆ ಹೇಳಬೇಕಾದ್ದು ಇಷ್ಟೇ: ‘ಕಷ್ಟವಾಗುತ್ತಿದೆ ಎಂದು ಗೊತ್ತು. ಅದಕ್ಕೆ ಉತ್ತರ ಕೊಡುವುದಿಲ್ಲವೆಂದು ಒಪ್ಪಿಕೊಂಡಿದ್ದೇವಲ್ಲ. ಊಟಕ್ಕೆ ಎಷ್ಟು ಹೊತ್ತಿಗೆ ಬರುತ್ತೀರಿ?’