ಹೆತ್ತವರು ಮತ್ತು ದತ್ತುಹೋದ ಮಕ್ಕಳು: ಸಂಪರ್ಕದ ಇಚ್ಛೆಯನ್ನು ದಾಖಲೆಯಲ್ಲಿ ಬರೆಸುವುದು ಹೇಗೆ?

ಸಾಕಲಾಗದ ಮಗುವನ್ನು ಮಕ್ಕಳ ಕಲ್ಯಾಣ ಸಮಿತಿಗೆ ಒಪ್ಪಿಸುವಾಗ ಹೆತ್ತವರು ಒಂದು ಪತ್ರಕ್ಕೆ ಸಹಿ ಹಾಕುತ್ತಾರೆ. ಕಚೇರಿಗಳಲ್ಲಿ ಅದನ್ನು ಸರೆಂಡರ್ ಡೀಡ್ ಎನ್ನುತ್ತಾರೆ. ಅದರಲ್ಲಿ ಒಂದು ಸಾಲಿದೆ: ಮುಂದೊಂದು ದಿನ ಮಗು ತನ್ನ ಮೂಲವನ್ನು ಹುಡುಕಿಕೊಂಡು ಬಂದರೆ ನನ್ನ ಗುರುತು, ವಿಳಾಸವನ್ನು ಅದಕ್ಕೆ ತಿಳಿಸಲು ಇಚ್ಛಿಸುತ್ತೇನೆ ಅಥವಾ ಇಚ್ಛಿಸುವುದಿಲ್ಲ. ಎರಡರಲ್ಲಿ ಒಂದಕ್ಕೆ ಗುರುತು ಹಾಕಬೇಕು. ಹೆರಿಗೆಯ ದಣಿವು ಇನ್ನೂ ಇಳಿದಿರುವುದಿಲ್ಲ. ಊರಿಗೆ ಸುದ್ದಿ ತಲುಪಿದರೆ ಏನು ಗತಿ ಎಂಬ ದಿಗಿಲು ಬೇರೆ. ಆ ಸ್ಥಿತಿಯಲ್ಲಿ ಹಾಕಿದ ಗುರುತೇ ಎರಡು ದಶಕಗಳ ನಂತರ ಒಬ್ಬ ಮಗನಿಗೋ ಮಗಳಿಗೋ ಸಿಗುವ ಉತ್ತರವನ್ನು ಬಹುಮಟ್ಟಿಗೆ ನಿರ್ಧರಿಸುತ್ತದೆ.

ಇಂಗ್ಲೆಂಡ್, ಐರ್ಲೆಂಡ್‌ನಂತಹ ದೇಶಗಳಲ್ಲಿ ಇದಕ್ಕೆಂದೇ ಪ್ರತ್ಯೇಕ ನೋಂದಣಿ ಪುಸ್ತಕಗಳಿವೆ. ಭಾರತದಲ್ಲಿ ಅಂಥ ಪುಸ್ತಕ ಇಲ್ಲ. ನಮ್ಮಲ್ಲಿರುವುದು 2015ರ ಬಾಲನ್ಯಾಯ ಕಾಯ್ದೆ, ಅದರಡಿ ಬಂದಿರುವ 2022ರ ದತ್ತು ನಿಯಮಾವಳಿ ಮತ್ತು ಆ ನಿಯಮಾವಳಿಯಲ್ಲಿ ‘ರೂಟ್ ಸರ್ಚ್’ ಎಂದು ಕರೆದಿರುವ ಮೂಲಶೋಧದ ಅವಕಾಶ. ಇಷ್ಟರೊಳಗೇ ಹೆತ್ತವರೂ ದತ್ತುಹೋದವರೂ ತಮ್ಮ ಇಚ್ಛೆಯನ್ನು ಬರೆಸಿಡಲು ಸಾಧ್ಯವಿದೆ.

ಸಹಿ ಹಾಕುವ ಮುನ್ನ

ಮಗುವನ್ನು ಒಪ್ಪಿಸಬೇಕಾದದ್ದು ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಮಾತ್ರ. ಆಸ್ಪತ್ರೆಯಲ್ಲಿ ಯಾರೋ ಪರಿಚಯದವರ ಕೈಗೆ ಕೊಡುವುದು, ಮಧ್ಯವರ್ತಿಯ ಮೂಲಕ ದಾಟಿಸುವುದು ಅಪರಾಧ. ಹಾಗೆ ಕೈಬದಲಾದ ಮಗುವಿಗೆ ಕಡತವೇ ಇರುವುದಿಲ್ಲ. ಕಡತವಿಲ್ಲದ ಮೇಲೆ ದೊಡ್ಡವನಾದಾಗ ಎಲ್ಲಿಗೆ ಹೋಗಿ ಕೇಳುವುದು? ನನ್ನ ಮಟ್ಟಿಗೆ ಕಾನೂನಿನ ದಾರಿಯನ್ನೇ ಹಿಡಿಯಬೇಕೆನ್ನಲು ಶಿಕ್ಷೆಯ ಭಯಕ್ಕಿಂತ ಇದು ದೊಡ್ಡ ಕಾರಣ.

ಸಮಿತಿಯ ಮುಂದೆ ಮೊದಲು ಆಪ್ತಸಮಾಲೋಚನೆ ನಡೆಯುತ್ತದೆ. ಮಗುವನ್ನು ಉಳಿಸಿಕೊಳ್ಳುವ ದಾರಿ ಇದೆಯೇ ಎಂದು ಕೇಳುತ್ತಾರೆ. ಇಲ್ಲವೆಂದಾದರೆ ಪತ್ರ ಸಿದ್ಧವಾಗುತ್ತದೆ. ದಂಪತಿಯಾದರೆ ಇಬ್ಬರೂ ಸಹಿ ಮಾಡಬೇಕು. ಅವಿವಾಹಿತ ತಾಯಿಯಾದರೆ ಅವಳೊಬ್ಬಳ ಸಹಿ ಸಾಕು. ಸಹಿಯ ನಂತರವೂ ಮನಸ್ಸು ಬದಲಿಸಿ ಮಗುವನ್ನು ಮರಳಿ ಪಡೆಯಲು ಎರಡು ತಿಂಗಳ ಕಾಲಾವಕಾಶ ಇದೆ.

ಪತ್ರವನ್ನು ನಿಮಗೆ ಅರ್ಥವಾಗುವ ಭಾಷೆಯಲ್ಲಿ ಓದಿ ಹೇಳುವಂತೆ ಕೇಳಿ. ತುಳುವೋ ಲಂಬಾಣಿಯೋ ಮಾತಾಡುವ ಹೆಣ್ಣುಮಗಳಿಗೆ ಇಂಗ್ಲಿಷ್ ನಮೂನೆಯನ್ನು ಮುಂದಿಟ್ಟು ‘ಇಲ್ಲಿ ಸಹಿ ಹಾಕಮ್ಮ’ ಎನ್ನುವುದು ಸಲ್ಲದು. ಗುರುತು ತಿಳಿಸುವ ಸಾಲಿನ ಬಳಿ ನಿಲ್ಲಿಸಿ, ಅದರ ಅರ್ಥವನ್ನು ಬಿಡಿಸಿ ಕೇಳಿ. ಅವಸರದಲ್ಲಿ ಯಾರೂ ಹೇಳದೆ ಬಿಡಬಹುದಾದ ಮಾತುಗಳನ್ನು ಇಲ್ಲಿ ಬರೆಯುತ್ತೇನೆ.

‘ಇಚ್ಛಿಸುವುದಿಲ್ಲ’ ಎಂದರೆ ಬಾಗಿಲು ಶಾಶ್ವತವಾಗಿ ಮುಚ್ಚಿತು ಎಂದಲ್ಲ. ಅನಾಮಿಕರಾಗಿ ಉಳಿಯಲು ಬಯಸಿದ ಹೆತ್ತವರನ್ನು ಮಗು ಹುಡುಕಿಕೊಂಡು ಬಂದರೆ, ಆಗ ಮತ್ತೊಮ್ಮೆ ಅವರ ಒಪ್ಪಿಗೆಯನ್ನು ಕೇಳಬೇಕೆಂದು ನಿಯಮ ಹೇಳುತ್ತದೆ. ಒಪ್ಪದಿದ್ದರೆ ಗುರುತನ್ನು ಹೇಳುವುದಿಲ್ಲ. ‘ಇಚ್ಛಿಸುತ್ತೇನೆ’ ಎಂದರೂ ನಾಳೆಯೇ ಯಾರೋ ಮನೆಬಾಗಿಲು ತಟ್ಟುವುದಿಲ್ಲ. ಮಗು ಬೆಳೆದು ತಾನಾಗಿ ಕೇಳಿದಾಗಷ್ಟೇ ಆ ಗುರುತಿಗೆ ಬೆಲೆ ಬರುತ್ತದೆ. ಇದರಿಂದ ಮಗುವಿನ ಮೇಲೆ ಹೆತ್ತವರಿಗೆ ಹೊಸ ಹಕ್ಕೇನೂ ಹುಟ್ಟುವುದಿಲ್ಲ, ಸಾಕುವ ತಂದೆತಾಯಿಯ ಹಕ್ಕು ತಗ್ಗುವುದೂ ಇಲ್ಲ.

ಗುರುತನ್ನು ತಿಳಿಸಲು ಇಷ್ಟವಿಲ್ಲದವರೂ ಆರೋಗ್ಯದ ಮಾಹಿತಿಯನ್ನು ಬರೆಸಲೇಬೇಕೆಂದು ನಾನು ಒತ್ತಿ ಹೇಳುತ್ತೇನೆ. ಮನೆತನದಲ್ಲಿ ಚಿಕ್ಕ ವಯಸ್ಸಿನ ಹೃದಯಾಘಾತ, ಮಧುಮೇಹ, ಅಪಸ್ಮಾರ, ರಕ್ತ ಹೆಪ್ಪುಗಟ್ಟದ ಕಾಯಿಲೆ ಇದ್ದರೆ ಹೇಳಿ. ಚಾಮರಾಜನಗರ, ಮೈಸೂರು, ಕೊಡಗಿನ ಬುಡಕಟ್ಟು ಸಮುದಾಯಗಳಲ್ಲಿ ಕಂಡುಬರುವ ಸಿಕಲ್ ಸೆಲ್ ರಕ್ತಹೀನತೆ ತಂದೆತಾಯಿಯಿಂದಲೇ ಮಕ್ಕಳಿಗೆ ಬರುತ್ತದೆ. ದತ್ತುಹೋದವರಿಗೆ ವೈದ್ಯರು ‘ನಿಮ್ಮ ಕುಟುಂಬದಲ್ಲಿ ಯಾರಿಗಾದರೂ ಈ ಕಾಯಿಲೆ ಇತ್ತೇ?’ ಎಂದು ಕೇಳಿದಾಗ ಹೇಳಲು ಒಂದು ಸಾಲಾದರೂ ಇರಲಿ.

ಪತ್ರದ ಪ್ರತಿಯನ್ನು ಕೇಳಿ ಪಡೆಯಿರಿ. ಅದು ಮನೆಯಲ್ಲಿ ಸಿಕ್ಕಿದರೆ ಅಪಾಯ ಎನ್ನುವವರು ಯಾವ ಜಿಲ್ಲೆಯ ಸಮಿತಿ, ಯಾವ ದಿನಾಂಕ, ಯಾವ ದತ್ತು ಸಂಸ್ಥೆ, ಕಡತದ ಸಂಖ್ಯೆ ಎಷ್ಟು ಎಂಬುದನ್ನಷ್ಟೇ ಎಲ್ಲಾದರೂ ಬರೆದಿಟ್ಟುಕೊಳ್ಳಿ.

ವರ್ಷಗಳ ನಂತರ ಮನಸ್ಸು ಬದಲಾದರೆ

ನಮ್ಮ ನಿಯಮಾವಳಿಯ ಕೊರತೆ ಎದ್ದು ಕಾಣುವುದು ಇಲ್ಲಿಯೇ. ಮೂಲಶೋಧವನ್ನು ಆರಂಭಿಸಬಹುದಾದವರು ದತ್ತುಹೋದವರು ಮಾತ್ರ. ಹೆತ್ತ ತಾಯಿ ‘ನನ್ನ ಮಗು ಎಲ್ಲಿದೆ?’ ಎಂದು ಕೇಳಿಕೊಂಡು ಬಂದರೆ ಯಾವ ಕಚೇರಿಯೂ ಉತ್ತರಿಸುವಂತಿಲ್ಲ, ಮಗುವಿನ ಹಿತದೃಷ್ಟಿಯಿಂದ ಉತ್ತರಿಸಲೂಬಾರದು. ಆದರೆ ಅವಳು ತನ್ನ ಇಚ್ಛೆಯನ್ನು ಬರೆದು ಕಡತಕ್ಕೆ ಸೇರಿಸಿ ಎಂದು ಕೋರುವುದನ್ನು ಯಾವ ನಿಯಮವೂ ತಡೆಯುವುದಿಲ್ಲ.

ಮಗುವನ್ನು ಒಪ್ಪಿಸಿದ ಜಿಲ್ಲೆಯ ಮಕ್ಕಳ ರಕ್ಷಣಾ ಘಟಕಕ್ಕೆ ಪತ್ರ ಬರೆಯಿರಿ. ಒಂದು ಪ್ರತಿಯನ್ನು ದತ್ತು ಸಂಸ್ಥೆಗೂ ಕೊಡಿ. ಸಂಸ್ಥೆ ಮುಚ್ಚಿದ್ದರೆ ಬೆಂಗಳೂರಿನಲ್ಲಿರುವ ರಾಜ್ಯ ದತ್ತು ಸಂಪನ್ಮೂಲ ಸಂಸ್ಥೆಗೆ ಕಳುಹಿಸಿ. ಪತ್ರದಲ್ಲಿ ಮಗು ಹುಟ್ಟಿದ ದಿನಾಂಕ ಮತ್ತು ಸ್ಥಳ, ಒಪ್ಪಿಸಿದ ದಿನಾಂಕ, ಆಗ ನೀವು ಕೊಟ್ಟಿದ್ದ ನಿಮ್ಮ ಹೆಸರು, ನಿಮ್ಮ ಈಗಿನ ಹೆಸರು ಇರಲಿ. ಮದುವೆಯ ನಂತರ ಹೆಸರೂ ಊರೂ ಬದಲಾದ ಹೆಣ್ಣುಮಕ್ಕಳನ್ನು ಹಳೆಯ ವಿಳಾಸದಿಂದ ಪತ್ತೆಹಚ್ಚುವುದು ಬಲುಕಷ್ಟ. ಸಿಗದಿದ್ದರೆ ಕಚೇರಿ ‘ಪತ್ತೆಯಾಗಲಿಲ್ಲ’ ಎಂದು ಬರೆದು ಕೈತೊಳೆದುಕೊಳ್ಳುತ್ತದೆ. ನೀವು ಬೇಡವೆಂದಿರುವುದಿಲ್ಲ, ಆದರೂ ಮಗುವಿಗೆ ಸಿಗುವ ಉತ್ತರ ಅದೇ.

ಆಮೇಲೆ ನಿಮ್ಮ ಇಚ್ಛೆಯನ್ನು ಸ್ಪಷ್ಟವಾಗಿ ಬರೆಯಿರಿ. ಭೇಟಿಗೆ ಒಪ್ಪಿಗೆಯೇ? ಪತ್ರ ಸಾಕೇ? ಆರೋಗ್ಯದ ಮಾಹಿತಿ ಮಾತ್ರವೇ? ಈಗ ಬೇಡ, ಮುಂದೆ ನೋಡೋಣ ಎಂದೇ? ಎಲ್ಲವೂ ಒಪ್ಪತಕ್ಕ ಉತ್ತರಗಳೇ. ಹಿಂದೆ ಒಪ್ಪಿದ್ದು ಈಗ ಬೇಡವೆನಿಸಿದರೆ ಅದನ್ನೂ ಬರೆಯಬಹುದು. ಮಗುವಿನ ಹಕ್ಕು ಹೆತ್ತವರ ಖಾಸಗಿತನವನ್ನು ಮೀರಬಾರದು ಎಂದು ನಿಯಮಾವಳಿಯೇ ಹೇಳಿದೆ.

ನಿಮ್ಮನ್ನು ಹೇಗೆ ಸಂಪರ್ಕಿಸಬೇಕು ಎಂಬುದನ್ನು ಬರೆಯದೆ ಬಿಡಬೇಡಿ. ಈಗಿನ ಗಂಡನಿಗೆ, ಮಕ್ಕಳಿಗೆ ವಿಷಯ ಗೊತ್ತಿಲ್ಲದವರು ಬಹಳ ಜನ. ‘ಮನೆಗೆ ಅಂಚೆ ಕಳುಹಿಸಬೇಡಿ, ಈ ಸಂಖ್ಯೆಗೆ ಮಧ್ಯಾಹ್ನ ಮಾತ್ರ ಕರೆ ಮಾಡಿ, ಮಹಿಳಾ ಸಿಬ್ಬಂದಿಯೇ ಮಾತನಾಡಲಿ, ಬೇರೆಯವರು ಫೋನ್ ಎತ್ತಿದರೆ ವಿಷಯ ಹೇಳಬೇಡಿ’ ಎಂದು ಬಿಡಿಸಿ ಬರೆಯುವುದರಲ್ಲಿ ಸಂಕೋಚ ಬೇಡ. ಒಳ್ಳೆಯ ಮನಸ್ಸಿನ ಸಿಬ್ಬಂದಿ ಅಕ್ಕಪಕ್ಕದವರನ್ನು ವಿಚಾರಿಸಿದರೂ ಸಾಕು, ಒಂದು ಸಂಸಾರ ಅಲ್ಲಾಡಿಹೋಗಬಹುದು.

ಪತ್ರಕ್ಕೆ ಸ್ವೀಕೃತಿ ಪಡೆಯಿರಿ. ಕೈಯಿಂದ ಕೊಡಲಾಗದಿದ್ದರೆ ಸ್ಪೀಡ್ ಪೋಸ್ಟ್‌ನಲ್ಲಿ ಕಳುಹಿಸಿ. ವಿಳಾಸವೋ ಫೋನ್ ಸಂಖ್ಯೆಯೋ ಬದಲಾದಾಗಲೆಲ್ಲ ಮತ್ತೊಂದು ಸಣ್ಣ ಪತ್ರ ಬರೆಯಿರಿ.

ಇಂಗ್ಲೆಂಡಿನಲ್ಲಿ ಏನು ಮಾಡಿದ್ದಾರೆ?

ಇಂಗ್ಲೆಂಡ್ ಮತ್ತು ವೇಲ್ಸ್‌ಗೆ ಸೇರಿದ ದತ್ತು ಸಂಪರ್ಕ ನೋಂದಣಿ ಪುಸ್ತಕ 1991ರಲ್ಲಿ ಆರಂಭವಾಯಿತು. ಜನನ–ಮರಣ ದಾಖಲೆಗಳನ್ನು ನೋಡಿಕೊಳ್ಳುವ ಸರ್ಕಾರಿ ಕಚೇರಿಯೇ ಅದನ್ನು ನಡೆಸುತ್ತದೆ. ಪುಸ್ತಕದಲ್ಲಿ ಎರಡು ಭಾಗ. ಮೊದಲನೆಯದರಲ್ಲಿ ದತ್ತುಹೋದವರು ಹೆಸರು ಸೇರಿಸುತ್ತಾರೆ. ಎರಡನೆಯದರಲ್ಲಿ ರಕ್ತಸಂಬಂಧಿಗಳು ಸೇರಿಸುತ್ತಾರೆ. ಇಬ್ಬರಿಗೂ 18 ತುಂಬಿರಬೇಕು. ಸಂಪರ್ಕ ಬೇಕು ಎಂದೂ ಬರೆಸಬಹುದು, ಬೇಡ ಎಂದೂ ಬರೆಸಬಹುದು. ಎರಡೂ ಕಡೆಯ ಹೆಸರು ತಾಳೆಯಾದರೆ ಸಂಬಂಧಿಯ ವಿಳಾಸವನ್ನು ದತ್ತುಹೋದವರಿಗೆ ಕಳುಹಿಸುತ್ತಾರೆ. ಕಳುಹಿಸಿದ್ದೇವೆ ಎಂದು ಸಂಬಂಧಿಗೆ ತಿಳಿಸುತ್ತಾರೆ, ಆದರೆ ದತ್ತುಹೋದವರ ವಿಳಾಸವನ್ನು ಅವರಿಗೆ ಕೊಡುವುದಿಲ್ಲ. ಮೊದಲ ಹೆಜ್ಜೆ ಯಾವಾಗಲೂ ದತ್ತುಹೋದವರದೇ. ಐರ್ಲೆಂಡ್ 2022ರಲ್ಲಿ ಹೊಸ ಕಾನೂನಿನೊಂದಿಗೆ ಇಂಥದೇ ಪುಸ್ತಕವನ್ನು ತೆರೆಯಿತು.

ನಮ್ಮಲ್ಲಿ ಬಾಲನ್ಯಾಯ ಕಾಯ್ದೆಯಡಿಯ ದತ್ತು ಪ್ರಕ್ರಿಯೆಯೆಲ್ಲ ಈಗ ‘ಕೇರಿಂಗ್ಸ್’ ಎಂಬ ಕೇಂದ್ರೀಯ ಜಾಲತಾಣದ ಮೂಲಕವೇ ನಡೆಯುತ್ತದೆ. ಅದರಲ್ಲಿಯೇ ಹೆತ್ತವರು ಗೌಪ್ಯವಾಗಿ ತಮ್ಮ ಇಚ್ಛೆಯನ್ನು ತಿದ್ದಿಕೊಳ್ಳುವ ಒಂದು ಪುಟ ಸೇರಿಸುವುದು ದೊಡ್ಡ ಖರ್ಚಿನ ಕೆಲಸವಲ್ಲ. ಜೀವನದ ಅತ್ಯಂತ ಕಷ್ಟದ ಗಳಿಗೆಯಲ್ಲಿ ಕೊಟ್ಟ ಉತ್ತರಕ್ಕೆ ಒಬ್ಬ ತಾಯಿಯನ್ನು ಆಯುಷ್ಯಪೂರ್ತಿ ಕಟ್ಟಿಹಾಕುವುದು ನ್ಯಾಯವಲ್ಲ.

ದತ್ತುಹೋದವರು ಮಾಡಬೇಕಾದದ್ದು

ನೀವು ಅರ್ಜಿ ಕೊಡಬಹುದಾದ ಕಡೆಗಳು ಹಲವು: ನಿಮ್ಮನ್ನು ನೋಡಿಕೊಂಡಿದ್ದ ದತ್ತು ಸಂಸ್ಥೆ, ಜಿಲ್ಲಾ ಮಕ್ಕಳ ರಕ್ಷಣಾ ಘಟಕ, ರಾಜ್ಯ ದತ್ತು ಸಂಪನ್ಮೂಲ ಸಂಸ್ಥೆ, ದೆಹಲಿಯ ಕೇಂದ್ರೀಯ ದತ್ತು ಸಂಪನ್ಮೂಲ ಪ್ರಾಧಿಕಾರ, ಅಂದರೆ ಕಾರಾ. ವಿದೇಶಕ್ಕೆ ದತ್ತುಹೋದವರು ಅಲ್ಲಿನ ಅಧಿಕೃತ ದತ್ತು ಸಂಸ್ಥೆ, ಆ ದೇಶದ ಕೇಂದ್ರೀಯ ಪ್ರಾಧಿಕಾರ ಅಥವಾ ಭಾರತದ ರಾಯಭಾರ ಕಚೇರಿಯ ಮೂಲಕವೂ ಕೇಳಬಹುದು. 18 ತುಂಬದವರು ಸಾಕಿದ ತಂದೆತಾಯಿಯ ಜೊತೆಗೂಡಿ ಅರ್ಜಿ ಹಾಕಬೇಕು.

ಮೊದಲು ಮನೆಯಲ್ಲಿರುವ ಕಾಗದಗಳನ್ನು ಒಂದೆಡೆ ಸೇರಿಸಿ: ದತ್ತು ಆದೇಶ, ಮಗುವಿನ ಅಧ್ಯಯನ ವರದಿ (ದತ್ತು ಕೊಡುವ ಮುನ್ನ ಮಗುವಿನ ಬಗ್ಗೆ ಸಂಸ್ಥೆ ಬರೆದದ್ದು), ಹಳೆಯ ಪಾಸ್‌ಪೋರ್ಟ್, ಈಗಿನ ಗುರುತಿನ ಚೀಟಿ. 2022ರ ಸೆಪ್ಟೆಂಬರ್‌ಗೆ ಮುನ್ನ ದತ್ತು ಆದೇಶವನ್ನು ನ್ಯಾಯಾಲಯಗಳು ಕೊಡುತ್ತಿದ್ದವು, ಆ ನಂತರ ಜಿಲ್ಲಾಧಿಕಾರಿ ಕೊಡುತ್ತಾರೆ. ನಿಮ್ಮ ಆದೇಶದ ಮೇಲಿರುವ ಪ್ರಕರಣ ಸಂಖ್ಯೆಯೇ ಕಡತಕ್ಕೆ ಕೀಲಿಕೈ.

ಅರ್ಜಿಯಲ್ಲಿ ‘ನನ್ನ ತಾಯಿಯನ್ನು ಹುಡುಕಿಕೊಡಿ’ ಎಂದಷ್ಟೇ ಬರೆದು ನಿಲ್ಲಿಸಬೇಡಿ. ನಿಮಗೆ ಬೇಕಾದದ್ದು ಆರೋಗ್ಯದ ವಿವರವೋ, ಒಂದು ಛಾಯಾಚಿತ್ರವೋ, ಪತ್ರವ್ಯವಹಾರವೋ, ಭೇಟಿಯೋ ಹೇಳಿ. ಹೆತ್ತವರಿಗೆ ತಲುಪಿಸಲು ಒಂದು ಪುಟದ ಪತ್ರವನ್ನೂ ಜೊತೆಗಿಡಿ. ಅವರನ್ನು ದೂರುವುದಿಲ್ಲ, ಆಸ್ತಿ ಕೇಳಲು ಬಂದಿಲ್ಲ, ಅವರು ಬೇಡವೆಂದರೆ ಒತ್ತಾಯಿಸುವುದಿಲ್ಲ ಎಂಬ ಮೂರು ಮಾತು ಅದರಲ್ಲಿರಲಿ. ಹೆತ್ತವರು ಹೆದರುವುದು ಹೆಚ್ಚಾಗಿ ಇವಕ್ಕೇ. ವಿದೇಶದಿಂದ ಬರೆಯುವವರು ಕನ್ನಡ ಅನುವಾದವನ್ನು ಸೇರಿಸಿದರೆ ಒಳ್ಳೆಯದು.

ಹೆತ್ತವರು ಒಪ್ಪಿದರೆ ಮುಂದಿನ ಮಾತುಕತೆ ಸಂಸ್ಥೆಯ ಸಮ್ಮುಖದಲ್ಲಿ, ಸಮಾಲೋಚಕರ ನೆರವಿನೊಂದಿಗೆ ನಡೆಯಲಿ. ಮೊದಲ ಭೇಟಿಯೇ ಅವರ ಮನೆಯಲ್ಲಾಗುವುದು ಬೇಡ. ಒಪ್ಪದಿದ್ದರೆ ಅಥವಾ ಪತ್ತೆಯಾಗದಿದ್ದರೆ ನಿಮಗೆ ಬರಿಗೈಯೇ ಗತಿ ಎಂದುಕೊಳ್ಳಬೇಡಿ. ಯಾವ ಕಾರಣಕ್ಕೆ, ಯಾವ ಸಂದರ್ಭದಲ್ಲಿ ನಿಮ್ಮನ್ನು ಒಪ್ಪಿಸಲಾಯಿತು ಎಂಬುದನ್ನು ತಿಳಿಸಬೇಕೆಂದು ನಿಯಮವಿದೆ. ಬಾಯಿಮಾತಿಗೆ ತೃಪ್ತರಾಗದೆ ಅದನ್ನು ಬರಹದಲ್ಲಿ ಕೇಳಿ. ಹದಿನೇಳರ ಹುಡುಗಿ, ಕೈಬಿಟ್ಟ ಪ್ರೇಮಿ, ಕೂಲಿಯ ಮನೆ ಎಂಬಷ್ಟು ತಿಳಿದರೂ ‘ನನ್ನನ್ನೇಕೆ ಬಿಟ್ಟರು’ ಎಂಬ ಪ್ರಶ್ನೆಯ ಭಾರ ಬಹಳ ಇಳಿಯುತ್ತದೆ.

ನಿಮ್ಮ ಪರವಾಗಿ ಬೇರೆಯವರು ಮೂಲಶೋಧ ನಡೆಸುವಂತಿಲ್ಲ. ಖಾಸಗಿ ಪತ್ತೇದಾರರು, ಹಣ ಪಡೆದು ಹುಡುಕಿಕೊಡುವ ಏಜೆಂಟರು ಈ ನಿಷೇಧದ ವ್ಯಾಪ್ತಿಗೆ ಬರುತ್ತಾರೆ. ತಾಯಿಯ ಹೆಸರು, ಊರು ಹಾಕಿ ಸಾಮಾಜಿಕ ಜಾಲತಾಣಗಳಲ್ಲಿ ಪ್ರಕಟಿಸುವುದು ಅದಕ್ಕಿಂತಲೂ ಕೆಟ್ಟದ್ದು. ಆ ಊರಿನವರು ನಿಮಗಿಂತ ಮೊದಲು ಅವಳ ಮನೆ ತಲುಪುತ್ತಾರೆ.

ಕುಟುಂಬಗಳ ನಡುವೆಯೇ 1956ರ ಹಿಂದೂ ದತ್ತಕ ಕಾಯ್ದೆಯಂತೆ ದತ್ತುಹೋದವರಿಗೆ ಇಷ್ಟು ಅಲೆದಾಟವಿಲ್ಲ. ನೋಂದಾಯಿತ ದತ್ತಕ ಪತ್ರವಿದ್ದರೆ ಅದರಲ್ಲಿಯೇ ಕೊಟ್ಟವರ ಹೆಸರು, ಸಹಿ ಇರುತ್ತವೆ.

ದತ್ತು ಸಂಸ್ಥೆಯ ಬಾಗಿಲಲ್ಲಿಟ್ಟ ತೊಟ್ಟಿಲಲ್ಲೋ ಬಸ್ ನಿಲ್ದಾಣದಲ್ಲೋ ಸಿಕ್ಕಿದ ಮಕ್ಕಳ ಕಡತದಲ್ಲಿ ಹೆತ್ತವರ ಹೆಸರೇ ಇರುವುದಿಲ್ಲ. ಆದರೂ ಕಡತ ಬರಿದಲ್ಲ. ಎಲ್ಲಿ, ಯಾವಾಗ ಸಿಕ್ಕಿತು ಎಂಬ ಪೊಲೀಸ್ ವರದಿ, ಸಂಸ್ಥೆಯ ದಾಖಲಾತಿ ಪುಸ್ತಕ, ವಾರಸುದಾರರನ್ನು ಹುಡುಕಲು ಪತ್ರಿಕೆಯಲ್ಲಿ ಭಾವಚಿತ್ರದೊಂದಿಗೆ ಕೊಟ್ಟ ಪ್ರಕಟಣೆ, ಇವುಗಳ ನಕಲನ್ನು ಹೆಸರಿಸಿ ಕೇಳಿ. ಬೇರೆ ಮಾಹಿತಿ ಇಲ್ಲವೆಂದು ಉತ್ತರ ಬಂದ ಮೇಲೂ ನಿಮ್ಮ ಪತ್ರವನ್ನೂ ಈಗಿನ ವಿಳಾಸವನ್ನೂ ಕಡತದಲ್ಲಿ ಇರಿಸುವಂತೆ ಕೋರಿ, ಅದಕ್ಕೂ ಸ್ವೀಕೃತಿ ಪಡೆಯಿರಿ. ಬಿಟ್ಟುಹೋದವರು ಎಂದಾದರೂ ಅದೇ ಜಿಲ್ಲೆಯ ಕಚೇರಿಗೆ ಬಂದು ವಿಚಾರಿಸಿದರೆ, ನಿಮ್ಮನ್ನು ಕೇಳಬಹುದೆಂದು ಸಿಬ್ಬಂದಿಗೆ ತಿಳಿಯುವುದು ಆ ಪತ್ರದಿಂದಲೇ.